ಮೂಗು ಮುರಿದವರು

ಗಾಯಕ್ಕೆ ಹಚ್ಚುವ ಕಂದು ಟೇಪಿಗೆ ಒಂದು ವಾಸನೆಯಿದೆ. ಬಿಸಿಲಿಗೆ ಬಿಟ್ಟ ರಬ್ಬರಿನದ್ದು, ಅದರ ಮೇಲೆ ಚೂರು ಸ್ಪಿರಿಟ್ಟಿನದ್ದು. ಕಳೆದ ಶನಿವಾರ ಬೆಳಿಗ್ಗೆ ನೆಟ್‌ಬಾಲ್ ಆಡಲು ಹೋದ ಮೊಮ್ಮಗಳ ಮೂಗಿಗೆ ಚೆಂಡು ಬಡಿಯಿತು. ಮಗಳು, ಅಳಿಯ ಇಬ್ಬರೂ ಊರಲ್ಲಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ನರ್ಸ್ ಟೇಪನ್ನು ಪರಪರ ಎಳೆದು ಕತ್ತರಿಸುವಾಗ ಆ ವಾಸನೆ ಬಂತು. ಅಷ್ಟರಲ್ಲಿ ಒಬ್ಬ ಎಳೆಯ ಡಾಕ್ಟರು ಬಂದು, ನೀವು ಸ್ವಲ್ಪ ಹೊರಗೆ ಕೂತಿರುತ್ತೀರಾ, ನಾನು ಇವಳೊಬ್ಬಳ ಹತ್ತಿರವೇ ಮಾತಾಡಬೇಕು ಎಂದ. ಬಹಳ ವಿನಯದಿಂದಲೇ ಅಂದ. ಆದರೂ ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಎಲ್ಲರಿಗೂ ಗೊತ್ತಿರುವ ವಿಷಯ. ಪರದೆಯಾಚೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹೋಗಿ ಕೂತೆ. ಒಳಗೆ ಅವನು ಹೇಗಾಯ್ತು ಎಂದು ಕೇಳಿದ. ಅವಳು ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಬೇರೆ ಥರ ಕೇಳಿದ.

ನನ್ನ ಸೆರಗಿಗೆ ಆ ಟೇಪಿನ ತುಂಡೊಂದು ಅಂಟಿಕೊಂಡು ಬಂದಿತ್ತು. ಕಿತ್ತು ಮೂಗಿನ ಹತ್ತಿರ ಹಿಡಿದೆ… ಪಕ್ಕದ ಮನೆಯವಳು ನೆನಪಾದಳು.

ಇಪ್ಪತ್ತು ವರ್ಷ ದಾಟಿತು. ಆಗ ನಾವು ಸಿಡ್ನಿಯಲ್ಲಿ, ನಾರ್ವೆಸ್ಟಿನ ಆಫೀಸುಗಳಿಂದ ಹತ್ತು ನಿಮಿಷದ ದಾರಿಯ ಒಂದು ಬೀದಿಯಲ್ಲಿದ್ದೆವು. ಪಕ್ಕದ ಮನೆಗೆ ಒಂದು ಕನ್ನಡದ ಜೋಡಿ ಬಾಡಿಗೆಗೆ ಬಂತು. ಸಿಡ್ನಿಗೆ ಬಂದು ಐದಾರು ತಿಂಗಳಾಗಿತ್ತು, ಮೊದಲು ಬೇರೆ ಸಬರ್ಬಿನಲ್ಲಿದ್ದರಂತೆ. ಅವನು ಬೆಂಗಳೂರಿನವನು, ನಾರ್ವೆಸ್ಟಿನಲ್ಲೇ ಕಂಪ್ಯೂಟರ್ ಕೆಲಸ. ಅವಳು ಅರಸೀಕೆರೆ ಕಡೆಯವಳು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು, ಅಂಗಡಿಯಲ್ಲಿ ಹಾಲು ಎಲ್ಲಿದೆ ಎಂದು ಕೇಳುವುದಕ್ಕೂ ನಾಚುತ್ತಿದ್ದಳು. ಬಟ್ಟೆ ಒಣಗಿಸಲು ಹಿತ್ತಲಿಗೆ ಬಂದಾಗ ಬೇಲಿಯಾಚೆಯಿಂದ "ಆಂಟಿ, ತಿಂಡಿ ಆಯ್ತಾ?" ಎನ್ನುವಳು. ಅಷ್ಟೇ ನಮ್ಮ ಮಾತು. ಅವಳ ಮೂಗು ನಡುವೆ ಗಂಟು ಕಟ್ಟಿ, ಅಲ್ಲಿಂದ ಎಡಕ್ಕೆ ಸೊಟ್ಟಗೆ ಇಳಿದಿತ್ತು. ಹುಟ್ಟಿನಿಂದಲೇ ಹಾಗೆ ಎಂದು ನಾನು ತೀರ್ಮಾನಿಸಿದ್ದೆ. ಅವಳನ್ನು ಕೇಳಿರಲಿಲ್ಲ.

ನನ್ನ ಬಗ್ಗೆಯೂ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಉಡುಪಿಯವಳು. ಮನೆಮಾತು ತುಳು, ಆದರೆ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಕಲಿಸಿದ್ದು ಇಂಗ್ಲಿಷು. ಭಾಷಾಂತರದ ಪಾಠವೆಂದರೆ ನನಗೆ ಪ್ರಾಣ. ನುಡಿಗಟ್ಟನ್ನು ಶಬ್ದಕ್ಕೆ ಶಬ್ದ ಇಟ್ಟು ಅನುವಾದಿಸಬಾರದು ಎಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ. ಒಬ್ಬಳು ಹುಡುಗಿ, 'ಮಾವ ಮದುವೆಯೂಟಕ್ಕೆ ಮೂಗು ಮುರಿದರು' ಎಂಬ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ಮಾವನ ಮೂಗಿನ ಎಲುಬನ್ನೇ ಮುರಿದುಹಾಕಿದ್ದಳು. ಅದನ್ನು ನಾನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಮಾವನನ್ನು ಯಾವ ಆಸ್ಪತ್ರೆಗೆ ಸೇರಿಸಿದ್ದೀರಿ ಎಂದು ಕೇಳಿ, ಎಲ್ಲರನ್ನೂ ನಗಿಸಿದೆ. ಹುಡುಗಿ ಅತ್ತಳು. ಮೂಗು ಮುರಿಯುವುದು ಅಂದರೆ ತಾತ್ಸಾರ ಮಾಡುವುದು, ಹತ್ತು ಸಲ ಬರೆ ಎಂದೆ. ಸಿಡ್ನಿಯಲ್ಲಿ ಲೈಬ್ರರಿಯ ಕೆಲಸ ಸಿಕ್ಕಿದ ಮೇಲೆ ಈ ಜಂಭ ಇನ್ನಷ್ಟು ಏರಿತು. ನಮ್ಮವರಲ್ಲಿ ಯಾರಿಗೆ ಇಂಗ್ಲಿಷಿನ ತೊಂದರೆಯಾದರೂ ಟೀಚರನ್ನು ಕರೆಯಿರಿ ಎನ್ನುತ್ತಿದ್ದರು, ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದೆ.

ಒಂದು ಭಾನುವಾರ ಅವಳ ಗಂಡ ಬೇಲಿಯ ಹತ್ತಿರ ಬಂದು ನಿಂತ. ಬಹಳ ಒಳ್ಳೆಯವನೆಂದು ಹೆಸರು. ಕನ್ನಡದವರ ಯಾವ ಕೂಟವಾದರೂ ಕುರ್ಚಿ ಜೋಡಿಸುವವನು ಅವನೇ, ಭಾವಗೀತೆ ಹಾಡುವವನೂ ಅವನೇ. ಹೆಂಗಸರ ಸಾಲಿಗೆ ತಾನೇ ಬಂದು ಪಾಯಸ ಬಡಿಸುವನು. ಅವನನ್ನು ನೋಡಿ ಕಲಿಯಿರಿ ಎಂದು ನನ್ನ ಗಂಡನಿಗೆ ಹೇಳಿದವಳು ನಾನು.

"ಟೀಚರ್, ಒಂದು ಹೆಲ್ಪ್ ಆಗ್ಬೇಕಿತ್ತು" ಎಂದ. "ಇವಳಿಗೆ ಚಿಕ್ಕಂದಿನಿಂದ್ಲೂ ಆ ಮೂಗಿಂದೇ ಕೊರಗು. ಸಿಟೀಲಿ ಒಬ್ರು ಸರ್ಜನ್ ಹತ್ರ ಬುಕ್ ಮಾಡಿದೀನಿ. ಆಗಸ್ಟಲ್ಲಿ ಅವಳ ತಂಗಿ ಮದುವೆ, ಊರಿಗೆ ಹೋಗೋಷ್ಟ್ರಲ್ಲಿ ಸರಿ ಆಗ್ಬೇಕು ಅಂತ ಹಟ. ನಂಗೆ ಪ್ರಾಜೆಕ್ಟ್ ಬಿಟ್ಟು ಬರೋಕಾಗಲ್ಲ. ನೀವು ಜೊತೇಲಿ ಹೋದ್ರೆ ಇಂಗ್ಲಿಷ್ ಪ್ರಾಬ್ಲಮ್ ಇರಲ್ಲ."

ಅವಳು ಅವನ ಹಿಂದೆ ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. ನಾಚಿಕೆ ಇರಬೇಕಲ್ಲ, ಇಂಥ ಕೆಲಸಕ್ಕೆ ಹೊರಟವಳಿಗೆ, ಎಂದುಕೊಂಡೆ.

ಅವನು ಕೊಟ್ಟು ಹೋದ ಹೊಳಪಿನ ಪುಸ್ತಕವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಒಂದೊಂದು ಪುಟಕ್ಕೂ ಎರಡೆರಡು ಮುಖ. ಎಡಗಡೆ ಮುಂಚಿನದು, ಬಲಗಡೆ ಆಮೇಲಿನದು. ಎಡಗಡೆಯವರೆಲ್ಲ ಸೂತಕದ ಮನೆಯಿಂದ ಎದ್ದು ಬಂದವರ ಹಾಗಿದ್ದರು, ಬಲಗಡೆಯವರಿಗೆಲ್ಲ ಲಿಪ್‌ಸ್ಟಿಕ್ಕು ಹಚ್ಚಿತ್ತು. ಮೂಗಿನ ಉಬ್ಬು ಕೆತ್ತುವುದು, ತುದಿ ಎತ್ತುವುದು, ಹೊಳ್ಳೆ ಕಿರಿದು ಮಾಡುವುದು. ಮೂಗು ಸಣ್ಣದಾದರೆ ಗದ್ದ ಬೇರೆಯಾಗಿ ಕಾಣುತ್ತದಂತೆ, ಆದ್ದರಿಂದ ಗದ್ದಕ್ಕೊಂದು ತುಂಡು ಸೇರಿಸುವುದು. ಗದ್ದವಾದ ಮೇಲೆ ಕೆನ್ನೆ, ಕೆನ್ನೆಯಾದ ಮೇಲೆ ಕಣ್ಣಿನ ರೆಪ್ಪೆ. ಬ್ಲೌಸ್ ಪೀಸಿಗೆ ಹೋದವಳಿಗೆ ಸೀರೆ ತೋರಿಸಿ, ಸೀರೆಗೆ ಫಾಲು ತೋರಿಸಿ, ಕೊನೆಗೆ ಒಂದು ಪರ್ಸನ್ನೂ ಕಟ್ಟಿಕೊಡುವ ಅಂಗಡಿಯವರ ವಿದ್ಯೆ ಇದು. ಪುಸ್ತಕ ಮುಗಿಯುವಷ್ಟರಲ್ಲಿ ಎಲ್ಲರಿಗೂ ಒಂದೇ ಮೂಗು ಬಂದಿತ್ತು. ನನ್ನ ಮೂಗು ನಮ್ಮೂರಿನ ದುಂಡು ಗುಳ್ಳಬದನೆಯ ಜಾತಿಯದು, ನಲವತ್ತೇಳು ವರ್ಷ ಅದರಲ್ಲೇ ಉಸಿರಾಡಿಕೊಂಡು ಬಂದಿದ್ದೆ. ತಂಗಿಯ ಮದುವೆಯ ಫೋಟೋಕ್ಕಾಗಿ ಮುಖ ಕೊಯ್ಯಿಸಿಕೊಳ್ಳುವ ಹೆಂಗಸು ಎಂದರೆ ನನಗೆ ಹೇಸಿಗೆ ಎನಿಸಿತು. ಹಾಗೆಂದು ಹೋಗುವುದಿಲ್ಲ ಎಂದು ಹೇಳಿದೆನೇ? ಇಲ್ಲ. ನನ್ನ ಇಂಗ್ಲಿಷನ್ನು ಕೇಳಿ ಬಂದಿದ್ದಾರಲ್ಲ.

ಮುಂದಿನ ವಾರ ಅವಳನ್ನು ಕೂರಿಸಿಕೊಂಡು ಸಿಟಿಯ ಕಡೆ ಕಾರು ಬಿಟ್ಟೆ. ಮೋಟಾರುದಾರಿಯಲ್ಲಿ ಅರ್ಧ ದೂರದವರೆಗೂ ಅವಳು ಪರ್ಸನ್ನು ಎರಡೂ ಕೈಯಿಂದ ಮಡಿಲಲ್ಲಿ ಒತ್ತಿ ಹಿಡಿದಿದ್ದಳು. ನನಗೆ ತಡೆಯಲಾಗಲಿಲ್ಲ.

"ನಿಂಗೆ ಎಂತಕ್ಕೆ ಮಾರಾಯ್ತಿ ಇದೆಲ್ಲ?"

ಅವಳು ಕಿಟಕಿಯ ಕಡೆ ನೋಡಿಕೊಂಡೇ, "ನಮ್ಮನೆಯವ್ರು ಮೂಗು ಮುರಿದ್ರಲ್ಲ ಆಂಟಿ… ಅದಕ್ಕೇ" ಎಂದಳು.

ನನಗೆ ನಗು ಬಂತು. "ಅಷ್ಟಕ್ಕೇಯಾ? ಗಂಡಂದಿರು ಮೂಗು ಮುರಿಯದೆ ಇನ್ನೆಂತ ಮಾಡ್ತಾರೆ? ನಮ್ಮವರು ದಿನಾ ಮುರೀತಾರೆ."

ಅವಳು ತಟ್ಟನೆ ತಿರುಗಿದಳು. "ದಿನಾನಾ?"

"ದಿನಾ. ಸಾರಿಗೆ ಖಾರ ಜಾಸ್ತಿ ಆದ್ರೂ ಮುರೀತಾರೆ, ಉಪ್ಪು ಕಮ್ಮಿ ಆದ್ರೂ ಮುರೀತಾರೆ."

"ನೀವು… ಏನ್ ಮಾಡ್ತೀರಾ ಆಂಟಿ?"

"ನಾನೆಂತ ಮಾಡುವುದು? ಊಟ ಬಡಿಸ್ತೇನೆ. ಇಪ್ಪತ್ತೆರಡು ವರ್ಷ ಆಯ್ತು ಮದುವೆಯಾಗಿ. ಅದನ್ನೆಲ್ಲ ತಲೆಗೆ ಹಾಕಿಕೊಂಡ್ರೆ ಸಂಸಾರ ಮಾಡ್ಲಿಕ್ಕೆ ಆಗ್ತದಾ?"

ಅವಳು ನನ್ನ ಮೂಗನ್ನೇ ತುಂಬ ಹೊತ್ತು ನೋಡಿದಳು. ಇದರ ಗಾತ್ರ ನೋಡಿ ತನ್ನದೇ ವಾಸಿ ಎಂದುಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನು ರೇಡಿಯೋ ಹಾಕಿದೆ.

ಕ್ಲಿನಿಕ್ಕು ಎತ್ತರದ ಕಟ್ಟಡವೊಂದರ ಏಳನೇ ಮಹಡಿಯಲ್ಲಿತ್ತು. ಬಿಳಿ ಸೋಫಾ, ಬಿಳಿ ಹೂವು, ಆಸ್ಪತ್ರೆಯ ವಾಸನೆ ಬರಬಾರದೆಂದು ಎಲ್ಲೋ ಲಿಂಬೆಯ ಮೇಣದಬತ್ತಿ ಹಚ್ಚಿದ್ದರು. ಫಾರಂ ಕೊಟ್ಟರು. ನಾನೇ ಬರೆದೆ. ಮುಖಕ್ಕೆ ಹಿಂದೆ ಯಾವಾಗಲಾದರೂ ಪೆಟ್ಟಾಗಿದೆಯೇ ಎಂಬಲ್ಲಿ ಇಲ್ಲ ಎಂದು ಗುರುತು ಹಾಕಿದೆ. ಪಕ್ಕದಲ್ಲೇ ಕೂತವಳನ್ನು ಕೇಳಲಿಲ್ಲ. ಯಾಕೆ ಬಂದಿದ್ದೀರಿ ಎಂಬಲ್ಲಿ 'ಅಂದಕ್ಕೆ' ಎಂದು ಬರೆದೆ. ಅಕ್ಷರ ದುಂಡಗೆ ಬಂದದ್ದು ಕೂಡ ನೆನಪಿದೆ.

ಅವಳು ಪರ್ಸಿನಿಂದ ಒಂದು ಫೋಟೋ ತೆಗೆದಳು. ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದು, ನಡುವೆ ಮಡಿಕೆ ಬಿದ್ದದ್ದು. "ಆಂಟಿ, ಡಾಕ್ಟ್ರಿಗೆ ಇದನ್ನ ತೋರಿಸ್ಬೇಕಿತ್ತು. ಹಿಂಗೇ ಬೇಕು ಅಂತ." ಕಡೆಗಣ್ಣಿನಲ್ಲಿ ನೋಡಿದೆ. ತಲೆತುಂಬ ಮಲ್ಲಿಗೆ ಮುಡಿದ ಯಾವುದೋ ಚೆಲುವೆ. ಸಿನಿಮಾದವಳ ಫೋಟೋ ಕತ್ತರಿಸಿಕೊಂಡು ಬಂದಿದ್ದಾಳೆ ಎಂದುಕೊಂಡೆ. "ಒಳಗಿಡು ಮಾರಾಯ್ತಿ. ಇದನ್ನೆಲ್ಲ ತೋರಿಸಿ ನಮ್ಮ ಮರ್ಯಾದೆ ತೆಗೀಬೇಡ" ಎಂದೆ. ಅವಳು ಒಳಗಿಟ್ಟಳು.

ಡಾಕ್ಟರ ಮೂಗು ಗಿಳಿಮೂಗು. ತನ್ನದನ್ನು ಹಾಗೇ ಬಿಟ್ಟುಕೊಂಡು ಊರವರದ್ದಕ್ಕೆ ಕೈ ಹಾಕುವ ಮಹಾನುಭಾವ ಎಂದು ಒಳಗೇ ನಕ್ಕೆ. ಅವನು ಎರಡು ಬೆರಳಿನಿಂದ ಅವಳ ಮೂಗಿನ ಗಂಟನ್ನು ಒತ್ತಿ ನೋಡಿ, ಇದು ಯಾವಾಗಲೋ ಮುರಿದ ಹಾಗಿದೆಯಲ್ಲ ಎಂದ. ಚಿಕ್ಕಂದಿನಲ್ಲಿ ಬಿದ್ದಿರಬೇಕು ಎಂದು ನಾನು ಹೇಳಿದೆ. ಅವಳ ಗಂಡ ಚಿಕ್ಕಂದಿನಿಂದಲೂ ಎಂದಿದ್ದನಲ್ಲ… ಡಾಕ್ಟರಿಗೆ ಅಷ್ಟು ಸಾಕಾಗಲಿಲ್ಲ. ಆಪರೇಷನ್ ಯಾಕೆ ಬೇಕು ಎಂದು ಅವರ ಬಾಯಿಂದಲೇ ಕೇಳಬೇಕು ಎಂದ. ನಾನು ಅವಳ ಕಡೆ ತಿರುಗಿ ಕೇಳಿದೆ.

"ಆಗ್ಲೇ ಹೇಳಿದ್ನಲ್ಲ ಆಂಟಿ" ಎಂದಳು. ಈ ಸಲ ನನ್ನ ಮುಖವನ್ನೇ ನೋಡಿ ಹೇಳಿದಳು. "ಮನೆಯವ್ರು ಮೂಗು ಮುರಿದ್ರು ಅಂತ. ಅದನ್ನೇ ಹೇಳಿ ಅವ್ರಿಗೆ."

ಹೇಳಿದೆ. ಶಬ್ದಕ್ಕೆ ಶಬ್ದ ಇಡದೆ, ನುಡಿಗಟ್ಟಿನ ಅರ್ಥವನ್ನು ಸರಿಯಾಗಿ ಬಿಡಿಸಿ, ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದೆ: ಇವರ ಮೂಗು ನೋಡಲು ಚೆನ್ನಾಗಿಲ್ಲವೆಂದು ಇವರ ಗಂಡನಿಗೆ ಅಸಮಾಧಾನ. ಡಾಕ್ಟರು ಗಂಡಂದಿರ ವಿಷಯ ಬಿಡಿ ಎನ್ನುವ ಹಾಗೆ ನಕ್ಕು ಬರೆದುಕೊಂಡ. ಗಂಡ ಎಂಬ ಇಂಗ್ಲಿಷ್ ಮಾತು ಅವಳಿಗೂ ಗೊತ್ತಿತ್ತು, ನೋಡಲು ಎಂಬುದೂ ಗೊತ್ತಿತ್ತು. ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಕಾಲಿನ ಹೆಬ್ಬೆರಳು ನೋಡಿಕೊಂಡು ಕೂತಳು.

ಡಾಕ್ಟರು ಕಂಪ್ಯೂಟರಿನಲ್ಲಿ ಅವಳ ಮುಖ ಹಾಕಿ, ಅದಕ್ಕೆ ಮೂರು ಮೂಗು ಒಂದೊಂದಾಗಿ ಅಂಟಿಸಿ ತೋರಿಸಿದ. ಒಂದು ನೇರ, ಒಂದು ಸಣ್ಣದು, ಒಂದು ತುದಿ ಮೇಲೆದ್ದದ್ದು. ಗದ್ದವನ್ನೂ ಸ್ವಲ್ಪ ಮುಂದೆ ತಂದರೆ ಮುಖ ಇನ್ನೂ ಒಪ್ಪವಾಗುತ್ತದೆ ಎಂದ. ಗದ್ದ ಬೇಡ ಎಂದು ನಾನೇ ಖಂಡಿತವಾಗಿ ಹೇಳಿದೆ. ಮೂಗು ಯಾವುದು ಬೇಕು ಎಂದು ಕೇಳಿದರೆ ಅವಳು ಪರದೆಯ ಕಡೆ ನೋಡಲೂ ಇಲ್ಲ. "ನೀವೇ ಹೇಳಿ ಆ‍ಂಟಿ." ಮೂರು ಗಂಟೆಯ ಮೇಲೆ ಟ್ರಾಫಿಕ್ ಜಾಸ್ತಿಯಾಗುತ್ತದೆಂದು ನನಗೆ ಅವಸರ. ಎರಡನೆಯದು ಎಂದು ಬೆರಳು ತೋರಿಸಿದೆ.

ಆಪರೇಷನ್ ಆಗಿ ಮನೆಗೆ ಬಂದವಳ ಮುಖ ನೋಡುವ ಹಾಗಿರಲಿಲ್ಲ. ಎರಡೂ ಕಣ್ಣು ನೇರಳೆ ಹಣ್ಣು, ಮೂಗಿನ ಮೇಲೆ ಗಟ್ಟಿ ಚಿಪ್ಪು, ಅದರ ಮೇಲೆ ಕಂದು ಟೇಪು. ಗಂಡ ಆಫೀಸಿಗೆ ಹೋದ ಮೇಲೆ ನಾನೇ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಟೇಪಿನ ಅಂಚು ಎದ್ದು ಬರುತ್ತಿತ್ತು, ಹೊಸ ತುಂಡು ಕತ್ತರಿಸಿ ಅಂಟಿಸುತ್ತಿದ್ದೆ. ಆ ವಾಸನೆ ಕೈಬೆರಳಿನಿಂದ ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ನಾನು ಅಂಟಿಸುವಾಗ ಅವಳು ಕಣ್ಣು ಮುಚ್ಚಿಕೊಂಡು, ಕುರ್ಚಿಯ ಕೈ ಬಿಗಿಯಾಗಿ ಹಿಡಿದಿರುತ್ತಿದ್ದಳು. ಯಾರ ಕೈ ಮುಖದ ಹತ್ತಿರ ಬಂದರೂ ಹಾಗೇ. ಬೇಕಾಗಿ ಮಾಡಿಸಿಕೊಂಡವಳಿಗೆ ಈಗ ಎಂತ ನಾಟಕ ಎಂದುಕೊಂಡು ಟೇಪನ್ನು ಸ್ವಲ್ಪ ಜೋರಾಗಿಯೇ ಒತ್ತಿದ್ದೇನೆ, ಒಂದೆರಡು ಸಲ.

ವಾರದ ಮೇಲೆ ಡಾಕ್ಟರು ಚಿಪ್ಪು ತೆಗೆದು ಕನ್ನಡಿ ಕೊಟ್ಟ. ಬಾತುಕೊಂಡಿದ್ದರೂ ಆಕಾರ ತಿಳಿಯುತ್ತಿತ್ತು. ಪುಸ್ತಕದ ಬಲಗಡೆಯ ಮೂಗು. ಅವಳು ಬಹಳ ಹೊತ್ತು ನೋಡಿದಳು.

"ಇದು ಯಾರು ಆಂಟಿ?"

"ನೀನೇ, ಇನ್ಯಾರು? ಇಷ್ಟು ಚಂದ ಆಗಿದೆ, ಇನ್ನೆಂತ ಬೇಕು ನಿಂಗೆ?"

ಇದನ್ನೆಲ್ಲ ನಾನು ಹೊಟ್ಟೆಯಲ್ಲಿಟ್ಟುಕೊಳ್ಳಲಿಲ್ಲ. ನಮ್ಮ ಹೆಂಗಸರು ಸೇರಿದಲ್ಲೆಲ್ಲ ಹೇಳಿದೆ. ಮೂಗಿಗಿಂತ ಮೂಗುತಿ ಭಾರ ಎಂದೆ, ಮೂರು ಮೂಗು ತೋರಿಸಿದ್ದನ್ನು ಸೇಲಿನಲ್ಲಿ ಚಪ್ಪಲಿ ಆರಿಸಿದ ಹಾಗೆ ಅಭಿನಯಿಸಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪ ಆ ಗಂಡ, ಇವಳ ಶೋಕಿಗೆ ಎಷ್ಟು ಕುಣಿಯುತ್ತಾನೆ ಎಂದು ಮರುಗಿದರು. ಅವಳು ಕೂಟಗಳಿಗೆ ಬರುವುದನ್ನು ಬಿಟ್ಟಳು. ಆಗಸ್ಟಿನಲ್ಲಿ ಊರಿಗೆ ಹೋಗಿ ಬಂದಳು. ಮದುವೆ ಹೇಗಾಯಿತು ಎಂದು ಕೇಳಿದರೆ ಆಯ್ತು ಆಂಟಿ ಎಂದಳು, ಫೋಟೋ ತೋರಿಸಲಿಲ್ಲ. ಮರುವರ್ಷ ಅವನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಹೋದರು. ಹೋಗುವ ದಿನ ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಯಾಕೆಂದು ಆಗ ಯೋಚಿಸಲಿಲ್ಲ…

ಐದು ವರ್ಷ ಕಳೆಯಿತು. ನನ್ನ ಗಂಡನ ಅಣ್ಣನ ಮಗಳು ಮೆಲ್ಬರ್ನಿನ ಕ್ರೇಗಿಬರ್ನಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಳು. ಅಲ್ಲಿಗೆ ಹೋದಾಗ ಅವರ ಮನೆಯೂ ಎರಡು ಬೀದಿಯಾಚೆಗೇ ಇದೆಯೆಂದು ತಿಳಿಯಿತು. ಹೋಗಿ ಆ ಮೂಗು ಹೇಗಿದೆಯೆಂದು ನೋಡಿ ಬರುವ ಕುತೂಹಲ ನನಗೆ. ನಾಲ್ಕು ಗಂಟೆಯ ಹೊತ್ತಿಗೆ, ಗಾಳಿಗೆ ಸೆರಗು ಹಿಡಿದುಕೊಂಡು, ಕಡ್ಡಿಗೆ ಕಟ್ಟಿ ನಿಲ್ಲಿಸಿದ ಗಿಡಗಳ ಆ ಬೀದಿಯಲ್ಲಿ ಒಬ್ಬಳೇ ನಡೆದು ಹೋದೆ. ಗಂಡ ಮನೆಯಲ್ಲಿರಲಿಲ್ಲ. ಅವಳು ಬಾಗಿಲು ತೆರೆದು, ಗುರುತು ಹಿಡಿದು, "ಆಂಟಿ" ಎಂದು ಎರಡೂ ಕೈ ಹಿಡಿದುಕೊಂಡಳು. ಅಡುಗೆಮನೆಯಲ್ಲಿ ಕೂರಿಸಿ ರವೆ ಹುರಿಯಲು ಶುರು ಮಾಡಿದಳು. ನಾಲ್ಕು ವರ್ಷದ ಮಗಳು ಟೀವಿ ಮುಂದಿನಿಂದ ಎದ್ದು ಬಂದು ನನ್ನನ್ನು ನೋಡಿ ಹೋದಳು. ಸಂಪಿಗೆಯಂಥ ನೇರ ಮೂಗು ಆ ಮಗುವಿಗೆ. ಮಕ್ಕಳನ್ನು ಕಂಡರೆ ನಮ್ಮವರು ಮೊದಲು ಕೇಳುವುದು ಅದನ್ನೇ ಅಲ್ಲವೇ, ಮೂಗು ಯಾರದ್ದು, ಬಣ್ಣ ಯಾರದ್ದು ಎಂದು.

"ಪುಣ್ಯ, ನಿನ್ನ ಹಳೇ ಮೂಗು ಬರ್ಲಿಲ್ಲ ಮಗುವಿಗೆ" ಎಂದೆ. "ಒಳ್ಳೇ ಮೂಗು. ಯಾರದ್ದು, ಅಪ್ಪಂದಾ?"

"ನಂದೇ ಆಂಟಿ" ಎಂದಳು.

ಒಳಗೆ ಹೋಗಿ ಆ ಫೋಟೋ ತಂದಳು. ಅದೇ ಪ್ಲಾಸ್ಟಿಕ್ ಕವರು, ಅದೇ ಮಡಿಕೆ. "ಆವತ್ತು ಡಾಕ್ಟ್ರಿಗೆ ತೋರಿಸೋಕೆ ತಂದಿದ್ನಲ್ಲ." ತಲೆತುಂಬ ಮಲ್ಲಿಗೆ ಮುಡಿದು, ಅರಿಶಿನ ಬಳಿದ ಕೆನ್ನೆಯ ಆ ಚೆಲುವೆ ಅವಳೇ. ಅವಳ ಮದುವೆಯ ಹಿಂದಿನ ದಿನ ತೆಗೆದದ್ದು. ಮೂಗು ಈಗಷ್ಟೇ ಬಾಗಿಲಲ್ಲಿ ನಿಂತು ಹೋದ ಮಗುವಿನದು.

"ಮತ್ತೆ ಆ ಗಂಟು…" ಎಂದೆ.

"ಸಿಡ್ನಿಗೆ ಬಂದ ಎರಡ್ನೇ ತಿಂಗಳಲ್ಲಿ ಮುರಿದ್ರಲ್ಲ ಆಂಟಿ. ಫೋನಲ್ಲಿ ಅಮ್ಮನ ಹತ್ರ ಜಾಸ್ತಿ ಹೊತ್ತು ಮಾತಾಡ್ದೆ ಅಂತ. ಆಸ್ಪತ್ರೆಗೆ ಹೋದ್ರೆ ಕೇಳ್ತಾರೆ ಅಂತ ಕರ್ಕೊಂಡು ಹೋಗ್ಲಿಲ್ಲ, ಹಂಗೇ ಕೂಡ್ಕೊಂಡ್ತು. ತಂಗಿ ಮದುವೇಲಿ ಅಪ್ಪ ಅಮ್ಮ ನೋಡಿಬಿಟ್ರೆ ಅಂತ ಅವ್ರೇ ಆ ಸರ್ಜನ್ ಹುಡುಕಿದ್ದು. ನಿಮಗೆ ಕಾರಲ್ಲೇ ಹೇಳಿದ್ನಲ್ಲ."

ರವೆ ಸೀಯುವ ವಾಸನೆ ಬಂತು. ಅವಳು ಸೌಟು ಆಡಿಸುತ್ತ, ನನಗೆ ಉಪಕಾರ ಸ್ಮರಣೆ ಮಾಡುವವಳಂತೆ ಮಾತಾಡುತ್ತಲೇ ಇದ್ದಳು. ಡಾಕ್ಟರ ಎದುರು ನಾನು ಮಾತು ತಿರುಗಿಸಿ ಅವಳ ಮಾನ ಉಳಿಸಿದೆನಂತೆ. ಮೊದಲು ಬೇಸರವಾಯಿತಂತೆ, ಆ ಡಾಕ್ಟರಿಗಾದರೂ ತಿಳಿಯಲಿ ಎಂದು ಧೈರ್ಯ ಮಾಡಿ ಹೇಳಿದ್ದಳಂತೆ. "ಆಮೇಲೆ ಯೋಚನೆ ಮಾಡ್ದೆ. ನಿಮ್ಮನೆಯವ್ರೂ ದಿನಾ ಮುರೀತಾರೆ ಅಂದ್ರಿ. ನಗ್ತಾ ಹೇಳಿದ್ರಿ. ಇಷ್ಟು ಓದಿರೋ ಆಂಟಿನೇ ಇಪ್ಪತ್ತೆರಡು ವರ್ಷ ತಡ್ಕೊಂಡಿದಾರೆ, ಹೊರಗೆ ಹೇಳ್ಬಾರ್ದು ಅಂತಿದಾರೆ, ನಂದೇನು ದೊಡ್ಡದು ಅಂತ ಸುಮ್ನಾದೆ. ಅವತ್ತಿಂದ ಯಾರಿಗೂ ಹೇಳಿಲ್ಲ."

ನಾನು ಏನು ಹೇಳಿದೆನೆಂದು ಬರೆಯಲು ನಾಚಿಕೆಯಾಗುತ್ತದೆ. ವ್ಯಾಕರಣ ಹೇಳಿದೆ. ಮೂಗು ಮುರಿಯುವುದು ಅಂದರೆ ನಾನು ತಿಳಿದದ್ದು ನುಡಿಗಟ್ಟು, ತಾತ್ಸಾರ ಎಂಬ ಅರ್ಥ, ನಮ್ಮವರು ಸಾರಿಗೆ ಮುಖ ಸಿಂಡರಿಸುತ್ತಾರೆ ಎಂದು ಹೇಳಿದ್ದು ಎಂದು ಒಲೆಯ ಪಕ್ಕ ನಿಂತು ಪಾಠ ಮಾಡಿದೆ. ಅವಳು ಸೌಟು ನಿಲ್ಲಿಸಿ ಕೇಳಿದಳು.

"ಹಂಗಾದ್ರೆ ಅಂಕಲ್ ಹೊಡೆಯಲ್ವಾ?"

"ಇಲ್ಲ."

"ಒಂದ್ಸಲಾನೂ?"

"ಒಂದು ಸಲವೂ ಇಲ್ಲ ಮಾರಾಯ್ತಿ."

ಅವಳು ಒಲೆ ಆರಿಸಿದಳು. "ಅಂಕಲ್‌ನ ಇಷ್ಟು ವರ್ಷ ಮನಸ್ಸಲ್ಲೇ ಬೈಕೊಂಡಿದೀನಿ" ಎಂದಳು. ಬಾಣಲೆ ಕೆಳಗಿಳಿಸುತ್ತ, "ಅಮ್ಮ ನೋಡಿದ ತಕ್ಷಣ ಕೇಳಿದ್ರು, ಇದು ನಿನ್ನ ಮೂಗಲ್ಲ ಅಂತ. ಅಲ್ಲಿ ಫ್ಯಾಷನ್ನು ಅಂದೆ. ಮದುವೆ ಮುಗಿಯೋವರೆಗೂ ನನ್ನ ಹತ್ರ ಮಾತಾಡ್ಲಿಲ್ಲ. ಫೋಟೋದಲ್ಲಿರೋ ಥರ ಮಾಡಿದ್ರೆ ಗೊತ್ತಾಗ್ತಿರ್ಲಿಲ್ಲ" ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ.

ಈಗಲೂ ಹೊಡೆಯುತ್ತಾನೆಯೇ ಎಂದು ಕೇಳಿದೆ. "ಮುಖಕ್ಕಲ್ಲ" ಎಂದಳು.

ಅಷ್ಟರಲ್ಲಿ ಗರಾಜಿನ ಬಾಗಿಲು ಗರಗರ ಏರಿತು. ಅವನು ಹಾಲಿನ ಡಬ್ಬ ಹಿಡಿದು ಒಳಗೆ ಬಂದ. ಟೀಚರ್, ಎಷ್ಟು ವರ್ಷ ಆಯ್ತು ಎಂದು ಕೈ ಮುಗಿದ. ಹೆಂಡತಿಯನ್ನು ಬದಿಗೆ ಸರಿಸಿ ತಾನೇ ಕಾಫಿ ಬೆರೆಸಿದ. ನಾಯಿಗೂ ಕಡೆ ಎನಿಸಿತು ಅವನನ್ನು ನೋಡಿ. ಮತ್ತೆ ನಾನು ಏನು ಮಾಡಿದೆ? ಆ ಕಾಫಿ ಕುಡಿದೆ. ಚೆನ್ನಾಗಿದೆ ಎಂದೆ ಕೂಡ. ಮೂಗಿನ ತುದಿಯಲ್ಲಿರುವ ನನ್ನ ಪ್ರಸಿದ್ಧ ಸಿಟ್ಟು ಆವತ್ತು ಎಲ್ಲಿ ಸತ್ತಿತ್ತೋ. ಹೊರಡುವಾಗ ಅವಳು ಕುಂಕುಮ ಕೊಟ್ಟಳು. ನನ್ನ ಫೋನ್ ನಂಬರು ಬರೆದ ಚೀಟಿಯನ್ನು ಅವಳ ಅಂಗೈಯಲ್ಲಿ ಒತ್ತಿ, ಯಾವಾಗ ಬೇಕಾದರೂ ಬಾ ಎಂದು ತುಟಿಯಲ್ಲೇ ಹೇಳಿದೆ. ಕೇಳಿಸಿತೋ ಇಲ್ಲವೋ.

ಸಿಡ್ನಿಗೆ ಬಂದು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಅವನೇ ಎತ್ತಿದ. ನಾಲ್ಕು ತಿಂಗಳ ಮೇಲೆ ಗಂಡನ ಅಣ್ಣನ ಮಗಳು ಸುದ್ದಿ ಹೇಳಿದಳು: ಅವಳು ಒಂದು ಮಧ್ಯಾಹ್ನ ಮಗುವನ್ನು ಕರೆದುಕೊಂಡು ಮನೆ ಬಿಟ್ಟಿದ್ದಾಳೆ, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ಅಂಥ ಗಂಡನನ್ನು ಬಿಟ್ಟು ಹೋದಳಲ್ಲ, ಮೊದಲೇ ಶೋಕಿಯ ಹೆಂಗಸು, ಮೂಗನ್ನೇ ಬದಲಾಯಿಸಿಕೊಂಡವಳಿಗೆ ಗಂಡ ಯಾವ ಲೆಕ್ಕ ಎಂದು ಅಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ. ಆ ಮಾತಿನ ಬೀಜ ನಾನು ಬಿತ್ತಿದ್ದೇ. ನಡೆದದ್ದು ಹೀಗೆ ಎಂದು ಕಂಡಕಂಡವರಿಗೆಲ್ಲ ಹೇಳಿದೆ. ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ ಟೀಚರ್ ಎಂದರು. ನಾನು ಅಭಿನಯಿಸಿ ತೋರಿಸಿದ ಚಪ್ಪಲಿ ಸೇಲು ಮಾತ್ರ ಅವರಿಗೆ ಚೆನ್ನಾಗಿ ನೆನಪಿತ್ತು.

ನನಗೆ ಅವಳ ಫೋನ್ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಹಳೆಯ ನಂಬರನ್ನು ನಾನು ಬದಲಾಯಿಸಿಲ್ಲ, ಮಗಳು ಎಷ್ಟು ಬೈದರೂ. ಮಗುವನ್ನು ಕರೆದುಕೊಂಡು ಹೊರಟ ಧೈರ್ಯವಿದ್ದವಳು, ಎಲ್ಲೋ ಬದುಕಿಕೊಂಡಿದ್ದಾಳೆ ಎಂದುಕೊಳ್ಳುತ್ತೇನೆ. ಬೆಳಿಗ್ಗೆ ಮುಖ ತೊಳೆಯುವಾಗ ನಾನು ಅವಸರದಲ್ಲಿ ಬೆರಳು ತೋರಿಸಿದ ಮೂಗು ಅವಳ ಕೈಗೆ ತಗಲುತ್ತಿರಬೇಕು. ಮಗಳಿಗೆ ಈಗ ಹತ್ತೊಂಬತ್ತೋ ಇಪ್ಪತ್ತೋ…

ಪರದೆ ಸರಿಸಿಕೊಂಡು ಡಾಕ್ಟರು ಹೊರಗೆ ಬಂದ. ಮೂಳೆ ಮುರಿದಿಲ್ಲ, ಬಾವು ಇಳಿದ ಮೇಲೆ ಸರಿಹೋಗುತ್ತದೆ ಎಂದ. ಆಮೇಲೆ ಸ್ವಲ್ಪ ಸಂಕೋಚದಿಂದ, ಅದದೇ ಪ್ರಶ್ನೆ ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಮಕ್ಕಳ ಮೂಗಿಗೆ ಪೆಟ್ಟಾದರೆ ನಾವು ಕೇಳಲೇಬೇಕು ಎಂದ. ನನ್ನ ಕೈಯಲ್ಲಿ ಆ ಟೇಪಿನ ತುಂಡು ಇನ್ನೂ ಇತ್ತು.

"ಕೇಳಿ" ಎಂದೆ. "ಬೇಕಾದರೆ ಇನ್ನೊಂದು ಸಲ ಕೇಳಿ. ನಾನು ಇಲ್ಲೇ ಹೊರಗೆ ಕೂತಿರುತ್ತೇನೆ."